ಮೂರು ಗಾಲಿಯಲ್ಲಿ ಕಾರು ಓಡಿಸಿದ ಜಿಲ್ ವಿಲ್ನವ್

ಈ ಸಲ ನಾನು ಕೆನಡಾ ದೇಶದ ಕಾರ್ ರೇಸುಗಾರ ಜಿಲ್ ವಿಲ್ನವ್ ಅವರ ಬಗ್ಗೆ ಬರೆಯುತ್ತೇನೆ. ಇವರು 1950ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿದರು. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಎಂಬ ಗಾಡಿಯಲ್ಲಿ ಮೊದಲು ರೇಸ್ ಮಾಡಿದರು. ಮುಂದಿನ ಗಾಡಿ ಎಬ್ಬಿಸಿದ ಹಿಮ ಮುಖಕ್ಕೆ ರಾಚಿ ದಾರಿಯೇ ಕಾಣುತ್ತಿರಲಿಲ್ಲವಂತೆ. ಅದಕ್ಕೇ ಮುಂದೆ ಮಳೆಯಲ್ಲಿ ಕಾರು ಓಡಿಸೋಕೆ ಇವರು ಹೆದರಲಿಲ್ಲ.

1977ರಲ್ಲಿ ಇಟಲಿಯ ಫೆರಾರಿ ತಂಡ ಸೇರಿದರು. ಮಾರನೇ ವರ್ಷ ತಮ್ಮ ದೇಶದ ಮಾಂಟ್ರಿಯಲ್‌ನಲ್ಲೇ ಮೊದಲ ಸಲ ಗೆದ್ದರು. 1979ರಲ್ಲಿ ಬರೀ 4 ಅಂಕದಿಂದ ವಿಶ್ವ ಚಾಂಪಿಯನ್ ಪಟ್ಟ ತಪ್ಪಿತು. ಅದೇ ವರ್ಷ ಹಾಲೆಂಡಿನಲ್ಲಿ ಹಿಂದಿನ ಟೈರು ಒಡೆದುಹೋದ್ರೂ ಇವರು ಬಿಡಲಿಲ್ಲ. ಮೂರೇ ಗಾಲಿಯ ಮೇಲೆ, ಕಿಡಿ ಹಾರಿಸುತ್ತಾ, ರಿಪೇರಿ ಜಾಗದ ತನಕ ಕಾರು ತಂದೇಬಿಟ್ಟರು! ಆದರೆ ಅದು ಆವತ್ತು ಮತ್ತೆ ಓಡಲಿಲ್ಲ. ಕೆಲವರು ಇದು ಹುಚ್ಚು ಅಂದರು. ನನಗೂ ಸ್ವಲ್ಪ ಹಾಗೇ ಅನ್ಸುತ್ತೆ, ಆದರೂ ಓದುವಾಗ ಮೈ ಜುಮ್ ಅಂತು.

1982ರ ಮೇ 8ರಂದು ಬೆಲ್ಜಿಯಂನಲ್ಲಿ, ರೇಸಿನ ಹಿಂದಿನ ದಿನ, ಇವರ ಕಾರು ಮುಂದೆ ನಿಧಾನವಾಗಿ ಹೋಗುತ್ತಿದ್ದ ಇನ್ನೊಂದು ಕಾರಿಗೆ ಬಡಿಯಿತು. 32 ವರ್ಷಕ್ಕೇ ತೀರಿಹೋದರು. ಮಗ ಜಾಕ್‌ಗೆ ಆಗ 11 ವರ್ಷ, ನನಗಿಂತ 2 ವರ್ಷ ಚಿಕ್ಕವನು. ಮಾಂಟ್ರಿಯಲ್‌ನ ರೇಸ್ ಮೈದಾನಕ್ಕೆ ಅದೇ ವರ್ಷ ತಂದೆಯ ಹೆಸರಿಟ್ಟರು. ತಂದೆಗೆ ಸಿಗದ ವಿಶ್ವ ಚಾಂಪಿಯನ್ ಪಟ್ಟವನ್ನು ಮಗ 1997ರಲ್ಲಿ ಗೆದ್ದ.