ದಿವಾನ್ ಪೂರ್ಣಯ್ಯನವರು (1746–1812)

1799 ರಿಂದ 1811 ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಪೂರ್ಣಯ್ಯನವರು, ಯುದ್ಧಾನಂತರದಲ್ಲಿ ಸೈನ್ಯದ ಲೆಕ್ಕಪತ್ರಗಳನ್ನು ಇತ್ಯರ್ಥಪಡಿಸಿ, ಆಡಳಿತ ಕಚೇರಿಗಳನ್ನು ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸ್ಥಳಾಂತರಿಸಿದರು. ಸಾರ್ವಜನಿಕರ ಮಾಹಿತಿಗಾಗಿ ಅವರ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಆರಂಭಿಕ ಜೀವನ

ಕೊಯಮತ್ತೂರು ಸೀಮೆಯ ಬಡ ಕುಟುಂಬದಲ್ಲಿ ಜನಿಸಿದ ಪೂರ್ಣಯ್ಯನವರು ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ತಮ್ಮ ಲೆಕ್ಕಜ್ಞಾನದಿಂದ ಹೈದರ್ ಅಲಿಯ ಗಮನ ಸೆಳೆದು, ಬೊಕ್ಕಸದ ಹೊಣೆಯವರೆಗೆ ಏರಿದರು. 1782 ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ನಿಧನನಾದಾಗ, ಟಿಪ್ಪು ಮಲಬಾರಿನಿಂದ ಬರುವವರೆಗೆ ಸುದ್ದಿಯನ್ನು ಗುಪ್ತವಾಗಿರಿಸಿ ಸೈನ್ಯ ಚದುರದಂತೆ ಕಾಯ್ದವರಲ್ಲಿ ಅವರು ಪ್ರಮುಖರು.

ಸೈನ್ಯದ ಲೆಕ್ಕಗಳ ಇತ್ಯರ್ಥ

1799 ರ ಮೇ 4 ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಮರಣ ಹೊಂದಿದಾಗ, ಸಾವಿರಾರು ಸೈನಿಕರು ಒಡೆಯನೂ ಇಲ್ಲದೆ ಸಂಬಳವೂ ಇಲ್ಲದೆ ಉಳಿದರು. ಸೆರೆಯಿಂದ ಹೊರಬಂದ ಧೋಂಡಿಯಾ ವಾಘ್‌ನ ದಂಡಿಗೆ ಇಂತಹವರು ಸೇರತೊಡಗಿದರು. ಆತನ ವಿರುದ್ಧದ ಕಾರ್ಯಾಚರಣೆ 1800 ರ ಸೆಪ್ಟೆಂಬರ್‌ವರೆಗೆ ನಡೆಯಿತು. ಸೈನಿಕರ ಜೀವನೋಪಾಯಕ್ಕೆ ಏರ್ಪಾಡಾಗದೆ ಶಾಂತಿ ನೆಲೆಸದೆಂಬುದು ಇದರಿಂದ ಸ್ಪಷ್ಟವಾಗಿತ್ತು.

ಪೂರ್ಣಯ್ಯನವರು ಹಳೆಯ ಕಂದಾಯದ ಬಾಕಿಗಳನ್ನು ಸಂಪೂರ್ಣವಾಗಿ ಮನ್ನಾ ಮಾಡಿದರು. ಸೈನಿಕ ವೃತ್ತಿಯ ಪ್ರತಿ ಮನೆತನದಿಂದ ಕನಿಷ್ಠ ಒಬ್ಬರನ್ನು ಕಂದಾಚಾರ ಇಲಾಖೆಗೆ ಸೇರಿಸಿಕೊಳ್ಳುವ ನೀತಿಯನ್ನು ಅನುಸರಿಸಿದರು. ಇವರಿಗೆ ಸ್ವಗ್ರಾಮದಲ್ಲಿ ಜೀವನಾಧಾರವೂ, ಊರು ಬಿಟ್ಟು ಸೇವೆಗೆ ಹೋದಾಗ ಭತ್ಯೆಯೂ ದೊರೆಯುತ್ತಿತ್ತು. ಬೊಕ್ಕಸದ ಲೆಕ್ಕವನ್ನು ಮರಾಠಿಯಲ್ಲಿ ಕಾಗದದ ಮೇಲೆ, ಕನ್ನಡದಲ್ಲಿ ಕಡತದ ಮೇಲೆ, ಹೀಗೆ ಎರಡು ಪ್ರತಿಗಳಲ್ಲಿ ಇಡಲಾಗುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಪಗೋಡ ಪಾವತಿಸುವ ಭಾರವೂ ಸಂಸ್ಥಾನದ ಮೇಲಿತ್ತು.

ಕಚೇರಿಗಳ ಸ್ಥಳಾಂತರ

ಶ್ರೀರಂಗಪಟ್ಟಣ ದ್ವೀಪವು ಕಂಪನಿಯ ವಶವಾದ ಕಾರಣ ರಾಜಧಾನಿಯು ಮೈಸೂರಿಗೆ ವರ್ಗವಾಯಿತು. ಅಲ್ಲಿನ ಕೋಟೆಯನ್ನು ಟಿಪ್ಪುವಿನ ಕಾಲದಲ್ಲಿ ಕೆಡವಿ, ಕಲ್ಲುಗಳನ್ನು ನಜರಬಾದಿಗೆ ಒಯ್ಯಲಾಗಿತ್ತು. 1799 ರ ಜೂನ್ 30 ರಂದು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವು ಅರಮನೆಯಿಲ್ಲದ ಮೈಸೂರಿನಲ್ಲೇ ನೆರವೇರಿತು. ನಂತರ ಅದೇ ಕಲ್ಲುಗಳನ್ನು ಮರಳಿ ತಂದು ಕೋಟೆ ಕಟ್ಟಿ, ಅರಮನೆಯನ್ನು ನಿರ್ಮಿಸಲಾಯಿತು. ಕಂಪನಿಯ ದಂಡು 1809 ರಲ್ಲಿ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ನಿವೃತ್ತಿ ಮತ್ತು ನಿಧನ

1807 ರಲ್ಲಿ ಅವರಿಗೆ ಯಳಂದೂರು ಜಹಗೀರು ದೊರೆಯಿತು. 1811 ರಲ್ಲಿ ನಿವೃತ್ತರಾದಾಗ ಬೊಕ್ಕಸದಲ್ಲಿ 2 ಕೋಟಿ ರೂಪಾಯಿಗೂ ಮಿಗಿಲಾದ ಹಣವಿತ್ತು. ಈ ಉಳಿತಾಯದಲ್ಲಿ ರೈತರ ಮೇಲೆ ಬಿದ್ದ ಹೊರೆಯೂ ಸೇರಿದೆ ಎಂಬ ಟೀಕೆಯನ್ನು ಇತಿಹಾಸಕಾರರು ಮಾಡಿದ್ದಾರೆ. 1812 ರ ಮಾರ್ಚ್ 27 ರಂದು ಶ್ರೀರಂಗಪಟ್ಟಣದಲ್ಲಿ ಅವರು ನಿಧನರಾದರು.

ಅಂದು ಲೆಕ್ಕ ಬರೆಯುತ್ತಿದ್ದ ಕಪ್ಪು ಬಟ್ಟೆಯ ಮಡಿಕೆ ಪುಸ್ತಕಕ್ಕೆ ಕಡತವೆಂದು ಹೆಸರು. ಸಾರ್ವಜನಿಕರ ಅರ್ಜಿಗಳನ್ನು ಇರಿಸುವ ದಾಖಲೆಗೆ ಸರ್ಕಾರಿ ಕಚೇರಿಗಳಲ್ಲಿ ಇಂದಿಗೂ ಅದೇ ಹೆಸರು ಬಳಕೆಯಲ್ಲಿದೆ.