ಅಹಿಂಸಾ ವೈದ್ಯದ ಆಚಾರ್ಯ ಶ್ರೀ ಉಗ್ರಾದಿತ್ಯರು

9ನೇ ಶತಮಾನದ ದಿಗಂಬರ ಮುನಿ ಶ್ರೀ ಉಗ್ರಾದಿತ್ಯಾಚಾರ್ಯರು ಶ್ರೀನಂದಿ ಆಚಾರ್ಯರ ಶಿಷ್ಯರು. ಪ್ರಾಣಾವಾಯ ಪೂರ್ವದ ವೈದ್ಯ ಪರಂಪರೆಯನ್ನು ಗುರುಗಳಿಂದ ಕಲಿತು, ರಾಮಗಿರಿಯಲ್ಲಿ ಸಂಸ್ಕೃತದ ‘ಕಲ್ಯಾಣಕಾರಕ’ ಗ್ರಂಥವನ್ನು ರಚಿಸಿದರು.

ರಸ, ರಕ್ತ, ಮಾಂಸ, ಮೇದ, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳು ಸಮವಾಗಿದ್ದರೆ ಆರೋಗ್ಯ ಎನ್ನುತ್ತದೆ ಆಯುರ್ವೇದ. ಧಾತು ಕ್ಷೀಣಿಸಿದ ರೋಗಿಗೆ ಮಾಂಸರಸ ಕೊಡುವುದು, ಔಷಧಗಳಲ್ಲಿ ಮದ್ಯ, ಜೇನು ಬಳಸುವುದು ಅಂದಿನ ವೈದ್ಯರಲ್ಲಿ ರೂಢಿಯಲ್ಲಿತ್ತು. ಒಂದು ಜೀವ ಉಳಿಸಲು ಇನ್ನೊಂದು ಜೀವ ತೆಗೆಯಬೇಕೆ? ಆಚಾರ್ಯರು ಈ ಮೂರನ್ನೂ ಬಿಟ್ಟು ಗಿಡಮೂಲಿಕೆ, ಖನಿಜಗಳ ಔಷಧಗಳನ್ನೇ ಹೇಳಿದರು.

ರಾಷ್ಟ್ರಕೂಟ ದೊರೆ ನೃಪತುಂಗನ ಸಭೆಯಲ್ಲಿ ವೈದ್ಯರೆದುರು ಮಾಂಸಸೇವನೆಯನ್ನು ಖಂಡಿಸಿದರು. ಆ ವಾದವೇ ಗ್ರಂಥದ ಕೊನೆಯ ಹಿತಾಹಿತಾಧ್ಯಾಯ. 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಸೊಲ್ಲಾಪುರದಿಂದ ಇದನ್ನು ಹಿಂದಿ ಅನುವಾದದೊಂದಿಗೆ ಪ್ರಕಟಿಸಿದರು. ವ್ರತ ಕೆಡದಂತೆ ಔಷಧ ಸೇವಿಸಬಯಸುವ ಶ್ರಾವಕರಿಗೆ ಈ ಗ್ರಂಥ ಇಂದಿಗೂ ಆಧಾರ.