ತಾಯಂದಿರ ವೈದ್ಯೆ

ಮನೆಯಲ್ಲಿ ಮಗು ಹುಟ್ಟಿದೊಡನೆ ಎಲ್ಲರ ದೃಷ್ಟಿಯೂ ಕೂಸಿನ ಕಡೆಗೆ ತಿರುಗುತ್ತದೆ. ಹೆರಿಗೆ ಮಾಡಿಸುವ ವೈದ್ಯೆಯಾದರೋ ಇನ್ನೊಂದಕ್ಕಾಗಿ ಕಾಯುತ್ತಿರುತ್ತಾಳೆ. ಅದೇ ಮಾಸು. ತಾಯಿಯ ರಕ್ತದಿಂದ ಆಹಾರವನ್ನೂ ಆಮ್ಲಜನಕವನ್ನೂ ಪಡೆದು, ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೆ ಮುಟ್ಟಿಸುವ ಅಂಗವದು. ಅದು ಪೂರ್ಣವಾಗಿ ಹೊರಬರುವವರೆಗೆ ಹೆರಿಗೆ ಮುಗಿಯಿತೆನ್ನುವಂತಿಲ್ಲ. ಇಂತಹ ಶರೀರಶಾಸ್ತ್ರದ ತಿಳಿವಳಿಕೆಯನ್ನು ಕನ್ನಡದ ತಾಯಂದಿರಿಗೆ ಅವರ ನುಡಿಯಲ್ಲಿಯೇ ತಲುಪಿಸಲು ಶ್ರಮಿಸಿದವರಲ್ಲಿ ಡಾ. ಅನುಪಮಾ ನಿರಂಜನ ಅವರು ಪ್ರಮುಖರು.

ಅನುಪಮಾ ಅವರು 1934ರ ಮೇ 17ರಂದು ಮಲೆನಾಡಿನ ತೀರ್ಥಹಳ್ಳಿಯಲ್ಲಿ ಜನಿಸಿದರು. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಹೆಣ್ಣುಮಕ್ಕಳ ಓದಿಗೆ ನೂರು ಅಡ್ಡಿಗಳಿದ್ದ ಆ ದಿನಗಳಲ್ಲಿ ಅವರು ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣವನ್ನು ಪಡೆದರು. ಪ್ರಸಿದ್ಧ ಕಾದಂಬರಿಕಾರ ನಿರಂಜನರನ್ನು ವಿವಾಹವಾದರು. ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿಯನ್ನು ನಡೆಸಿದರು.

ಆಗಿನ ಧಾರವಾಡ ಜಿಲ್ಲೆ ಬಹಳ ವಿಸ್ತಾರವಾದುದು. 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳೂ ಅದರೊಳಗಿದ್ದವು. ಹಿರೇಕೆರೂರು ಸೀಮೆಯ ಮಾಸೂರಿನಂತಹ ಊರುಗಳಿಗೆ ಜಿಲ್ಲೆಯ ಕೇಂದ್ರವು ದೂರದ ಮಾತು. ಅಂದಿನ ಹಳ್ಳಿಗಳಲ್ಲಿ ಹೆಚ್ಚಿನ ಹೆರಿಗೆಗಳು ಸೂಲಗಿತ್ತಿಯರ ಕೈಯಲ್ಲಿ, ಮನೆಗಳಲ್ಲಿಯೇ ನಡೆಯುತ್ತಿದ್ದವು. ಅವರ ಅನುಭವ ದೊಡ್ಡದು. ಆದರೆ ಮಾಸಿನಲ್ಲಿ ತೊಡಕುಂಟಾದಾಗ ಅನುಭವವೊಂದೇ ಸಾಲದಾಗುತ್ತಿತ್ತು.

ಈ ತೊಡಕುಗಳನ್ನು ವೈದ್ಯಶಾಸ್ತ್ರವು ಕೆಲವು ಬಗೆಗಳಾಗಿ ವಿಂಗಡಿಸುತ್ತದೆ. ಸಾಮಾನ್ಯವಾಗಿ ಮಾಸು ಗರ್ಭಕೋಶದ ಮೇಲ್ಭಾಗದಲ್ಲಿ ಅಂಟಿಕೊಂಡಿರುತ್ತದೆ. ಕೆಳಗೆ ನೆಲೆಸಿ ಗರ್ಭಕೋಶದ ಬಾಯನ್ನು ಮುಚ್ಚಿದರೆ, ಕೊನೆಯ ತಿಂಗಳುಗಳಲ್ಲಿ ನೋವಿಲ್ಲದೆಯೇ ರಕ್ತ ಹರಿಯಬಹುದು. ನೋವಿಲ್ಲವೆಂದು ಅಲಕ್ಷಿಸಿದರೆ ಅಪಾಯ ತಪ್ಪದು. ಹೆರಿಗೆಗೆ ಮೊದಲೇ ಮಾಸು ಕಳಚಿಕೊಂಡರೆ ಸಾಮಾನ್ಯವಾಗಿ ಹೊಟ್ಟೆಯಲ್ಲಿ ತೀವ್ರ ನೋವುಂಟಾಗುತ್ತದೆ. ರಕ್ತವು ಒಳಗೇ ನಿಂತು, ಹೊರಗೆ ಸ್ವಲ್ಪವೇ ಕಾಣಿಸಲೂಬಹುದು. ಗರ್ಭಕೋಶದ ಗೋಡೆಯೊಳಕ್ಕೆ ಆಳವಾಗಿ ಬೇರೂರಿದ ಮಾಸು ಹೆರಿಗೆಯ ಬಳಿಕವೂ ಬಿಡಿಸಿಕೊಳ್ಳುವುದಿಲ್ಲ. ಮತ್ತೆ ಕೆಲವೊಮ್ಮೆ ಮುಖ್ಯ ಮಾಸಿನಿಂದ ಬೇರೆಯಾಗಿ ಒಂದು ಚಿಕ್ಕ ತುಂಡು ಬೆಳೆದಿರುತ್ತದೆ. ಅದು ಒಳಗೇ ಉಳಿದರೆ ರಕ್ತಸ್ರಾವವೂ ನಂಜೂ ಬಾಣಂತಿಯನ್ನು ಕಾಡುತ್ತವೆ. ಹೊರಬಂದ ಮಾಸನ್ನು ಹರಡಿ, ಎಲ್ಲಿಯಾದರೂ ಹರಿದಿದೆಯೇ ಎಂದು ಪರೀಕ್ಷಿಸಿ ನೋಡುವುದು ಆದುದರಿಂದಲೇ. ಇಂದು ಶ್ರವಣಾತೀತ ಧ್ವನಿಯ ಪರೀಕ್ಷೆಯಿಂದ ಮಾಸಿನ ನೆಲೆಯನ್ನು ಮೊದಲೇ ಅರಿಯಬಹುದಾಗಿದೆ. ಆ ಕಾಲದ ಹಳ್ಳಿಗಳಿಗೆ ಅಂತಹ ಅನುಕೂಲವಿರಲಿಲ್ಲ. ಅಪಾಯದ ಗುರುತನ್ನು ಮನೆಯವರೇ ಅರಿತು, ಕಾಲ ಕಳೆಯದೆ ಆಸ್ಪತ್ರೆಗೆ ಹೊರಡಬೇಕಾಗಿತ್ತು.

ಆ ಅರಿವು ಇಂಗ್ಲಿಷಿನ ಹೊತ್ತಗೆಗಳಲ್ಲಿ ಅಡಗಿದ್ದರೆ ಗರ್ಭಿಣಿಗೆ ಫಲವೇನು? ಅನುಪಮಾ ಅವರು ತಮ್ಮ ‘ತಾಯಿ–ಮಗು’ ಎಂಬ ಗ್ರಂಥದಲ್ಲಿ ಗರ್ಭಿಣಿಯ ಆರೈಕೆ, ಹೆರಿಗೆ, ಶಿಶುಪಾಲನೆಗಳನ್ನು ಕನ್ನಡದಲ್ಲಿ ತಿಳಿಸಿದರು. ‘ದಂಪತಿ ದೀಪಿಕೆ’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಗಳೂ ಅವರ ಕೃತಿಗಳೇ. ಹೆಣ್ಣು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ಸಂಗತಿಗಳು ಈ ಪುಸ್ತಕಗಳ ಮೂಲಕ ಮನೆಮನೆಯನ್ನು ಹೊಕ್ಕವು.

ವೈದ್ಯೆಯೊಳಗೆ ಕತೆಗಾರ್ತಿಯೂ ಇದ್ದಳು. ಮಕ್ಕಳಿಗಾಗಿ ‘ದಿನಕ್ಕೊಂದು ಕಥೆ’ಯ ಸಂಪುಟಗಳನ್ನು ರಚಿಸಿದರು. ‘ಮಾಧವಿ’ ಕಾದಂಬರಿಗೆ ಮಹಾಭಾರತದ ಯಯಾತಿಯ ಮಗಳ ಕಥೆಯನ್ನು ಆರಿಸಿಕೊಂಡರು. ಕುದುರೆಗಳಿಗಾಗಿ ಒಬ್ಬ ರಾಜನಿಂದ ಇನ್ನೊಬ್ಬನ ಬಳಿಗೆ ಒಯ್ಯಲ್ಪಟ್ಟು, ಅವರಿಗೆ ಮಕ್ಕಳನ್ನು ಹೆತ್ತುಕೊಡಬೇಕಾದ ಹೆಣ್ಣು ಆಕೆ. ತಾಯ್ತನವನ್ನು ಹೊಗಳುತ್ತಲೇ ತಾಯಿಯನ್ನು ಮರೆಯುವ ಲೋಕವನ್ನು ವೈದ್ಯೆಯಾಗಿ ಕಂಡವರಿಗೆ ಆ ಕಥೆ ಹಳೆಯದೆನಿಸುವಂತಿರಲಿಲ್ಲ.

ಅವರ ಬಾಳಿನಲ್ಲಿಯೂ ಕಷ್ಟಗಳು ಕಡಿಮೆಯಿರಲಿಲ್ಲ. ಪತಿ ಪಾರ್ಶ್ವವಾಯುವಿಗೆ ತುತ್ತಾದರು. ತಮ್ಮನ್ನು ಕ್ಯಾನ್ಸರ್ ಕಾಡಿತು. 1991ರ ಫೆಬ್ರವರಿಯಲ್ಲಿ ಅವರು ನಿಧನ ಹೊಂದಿದರು. ವೈದ್ಯೆಯೊಬ್ಬಳು ತನ್ನ ಕೈಗೆಟಕಿದಷ್ಟು ಜನರ ಆರೈಕೆಯನ್ನು ಮಾತ್ರ ಮಾಡಬಲ್ಲಳು. ತಾನು ಕಲಿತುದನ್ನು ಜನರ ಭಾಷೆಯಲ್ಲಿ ಬರೆದಿಟ್ಟಾಗ, ತಾನು ಎಂದೂ ಕಾಣದ ತಾಯಂದಿರಿಗೂ ಆಕೆ ನೆರವಾಗುತ್ತಾಳೆ. ಅನುಪಮಾ ಅವರ ಬದುಕು ಇದಕ್ಕೆ ನಿದರ್ಶನ.